ಕಾವಲಿಗೆ ನಿಂತ ಮೈಸಮ್ಮ

ಹೋದ ವಾರ ಅಪ್ಪನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಮಿಯಾಪುರದ ನಮ್ಮ ಮನೆಗೆ ಮರಳುತ್ತಿದ್ದಾಗ, ಟ್ರಾಫಿಕ್ ತಪ್ಪಿಸಲೆಂದು ಡ್ರೈವರು ಜೀಡಿಮೆಟ್ಲಾದ ಕಾರ್ಖಾನೆಗಳ ನಡುವಿನಿಂದ ಕಾರು ತಂದ. ಗಾಜು ಏರಿಸಿದ್ದರೂ ಆ ವಾಸನೆ ಒಳಗೆ ಬಂತು. ಕೊಳೆತ ಹಣ್ಣು, ಉಗುರುಬಣ್ಣ, ಸುಟ್ಟ ರಬ್ಬರು ಎಲ್ಲ ಕಲೆಸಿದಂಥದ್ದು. ನಾನು ದುಪಟ್ಟಾ ಮೂಗಿಗೆ ಹಿಡಿದೆ. ಅಪ್ಪ ಮಾತ್ರ ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದು, "ಟಾಲ್ವೀನ್" ಅಂದರು. ಮಂದಿ ಮಲ್ಲಿಗೆ ಯಾವುದು ಸಂಪಿಗೆ ಯಾವುದು ಎಂದು ಗುರುತಿಸುವ ಹಾಗೆ ಅವರು ರಾಸಾಯನಿಕಗಳನ್ನು ಗುರುತಿಸುತ್ತಾರೆ.

ನಾನು ಹೈಸ್ಕೂಲಿನಲ್ಲಿದ್ದಾಗ ಈ ವಾಸನೆ ನಮ್ಮ ಮನೆಯದೂ ಆಗಿತ್ತು. ಕಲಬುರಗಿ ಕಡೆಯಿಂದ ಬಂದ ನಮ್ಮಂಥ ಕೆಲವು ಕುಟುಂಬಗಳು ಕಾರ್ಖಾನೆಗೆ ಹತ್ತಿರವೆಂದು ಚಿಂತಲ್‌ನಲ್ಲಿ ಬಾಡಿಗೆಗಿದ್ದವು. ಅಪ್ಪ ಒಂದು ಔಷಧಿ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಸೂಪರ್‌ವೈಸರ್. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ: ನನಗೆ ದಿನಚರಿ ಬರೆಯುವ ಚಟವಿದೆ, ಆದರೆ ಅದು ಹತ್ತಿದ್ದು ಕಾಲೇಜಿನಲ್ಲಿ. ಅದಕ್ಕಿಂತ ಹಿಂದಿನದೆಲ್ಲ ಬರೀ ನೆನಪು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕಥೆಗೆ ಒಪ್ಪುವಂತೆ ಸಾಮಾನು ಅತ್ತಿತ್ತ ಸರಿಸುವ ಬುದ್ಧಿ ಅದಕ್ಕಿದೆ. ನೀವೂ ಸ್ವಲ್ಪ ಎಚ್ಚರದಿಂದಲೇ ಕೇಳಿ.

ಕಾರ್ಖಾನೆಯಲ್ಲಿ ಒಂದು ದೊಡ್ಡ ಉಕ್ಕಿನ ಹಂಡೆ. ಔಷಧಿ ಕುದಿಸಿ ಮುಗಿದ ಮೇಲೆ ಕೆಲಸಗಾರರು ಅದರೊಳಗೆ ಇಳಿದು ತೊಳೆಯಬೇಕು. ಇಳಿಯುವ ಮುಂಚೆ ಫ್ಯಾನು ಹಾಕಿ ಒಳಗಿನ ವಿಷಗಾಳಿಯನ್ನು ಹೊರಗೆ ಹೋಗಲು ಬಿಡಬೇಕು, ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳಬೇಕು. ಆ ಗಾಳಿ ಕಣ್ಣಿಗೆ ಕಾಣದು. ಕಾಣದ್ದಕ್ಕೆ ಕಾಯುವವರು ಯಾರು? ಅಪ್ಪ ಬೈದು ನೋಡಿದರು. ತೆಲುಗು, ಹಿಂದಿ, ಕನ್ನಡದಲ್ಲಿ ಬೋರ್ಡು ಬರೆಸಿದರು. ಬೋರ್ಡಿನ ಮೊಳೆಗೆ ಕೆಲಸಗಾರರು ಊಟದ ಡಬ್ಬಿ ನೇತುಹಾಕಿದರು.

ಕೊನೆಗೆ ಅಪ್ಪ ಮೈಸಮ್ಮನ ಫೋಟೋ ತಂದು ಹಂಡೆಯ ಬಾಯಿಯ ಪಕ್ಕದ ಕಂಬಕ್ಕೆ ಕಟ್ಟಿದರು. ಕೆರೆಯ ಕಟ್ಟೆ, ಊರ ಗಡಿ ಎಲ್ಲ ಕಾಯುವ ತಾಯಿ. ಅವಳ ಹೆಸರಿಗೆ ಈ ಕಡೆ ಹೆದರದವರಿಲ್ಲ. ಫ್ಯಾನು ತಿರುಗುವಷ್ಟು ಹೊತ್ತು ಅಮ್ಮನ ಎದುರು ಕೂರಬೇಕು, ಬೆಲ್ಟು ಕಟ್ಟಿ ಅಪ್ಪಣೆ ಕೇಳಬೇಕು, ಮೀರಿದವರನ್ನು ಆಕೆ ಬಿಡುವುದಿಲ್ಲ ಎಂದು ಸಾರಿದರು. ಬೆಂಕಿ ತರುವಂತಿಲ್ಲದ ಜಾಗ, ಹಾಗಾಗಿ ದೀಪವಿಲ್ಲ, ಕರ್ಪೂರವಿಲ್ಲ. ಒಂದು ಚೆಂಡುಹೂವಿನ ಮಾಲೆ, ಒಂದು ನಿಂಬೆಹಣ್ಣು. ಮರುದಿನದಿಂದಲೇ ಎಲ್ಲರೂ ಕಾಯತೊಡಗಿದರು. ಅಷ್ಟೇ ಅಲ್ಲ, ಸ್ನಾನ ಮಾಡದೆ ಆಕೆಯ ಎದುರು ನಿಲ್ಲಬಾರದು ಎಂಬ ನಿಯಮವನ್ನು ತಾವೇ ಕೂಡಿಸಿಕೊಂಡರು.

ದೇವರನ್ನು ನಂಬದ ಅಪ್ಪ ಇದನ್ನು ಮನೆಯಲ್ಲಿ ಹೇಳಿಕೊಂಡು ನಕ್ಕರು. ಎರಡು ಹೊತ್ತೂ ದೀಪ ಹಚ್ಚುವ ಅವ್ವ ನಗಲಿಲ್ಲ.

"ಆಕಿನ್ನ ವಾಚ್‌ಮನ್ ಮಾಡಿ ನಿಲ್ಲಿಸೀರಿ," ಅಂದಳು.

"ಪಗಾರ ಇಲ್ದ ವಾಚ್‌ಮನ್ ಎಲ್ಲಿ ಸಿಗ್ತಾನ ಹೇಳು," ಅಂದರು ಅಪ್ಪ.

ಮುಂದೆ ನಾನು ಯೂನಿವರ್ಸಿಟಿಯಲ್ಲಿ ಫಿಲಾಸಫಿ ಓದಿದೆ. ದೇವರಿದ್ದರೆ ನಂಬದವನಿಗೆ ಶಿಕ್ಷೆ, ಇಲ್ಲದಿದ್ದರೆ ನಂಬಿದವನಿಗೆ ನಷ್ಟವೇನಿಲ್ಲ, ಆದ್ದರಿಂದ ನಂಬುವುದೇ ಜಾಣತನ ಎಂಬ ಹಳೆಯ ವಾದವನ್ನು ಸೆಮಿನಾರಿನಲ್ಲಿ ಚಿಂದಿ ಮಾಡಿದೆ. ಹೆದರಿದ ಮನುಷ್ಯ ನಂಬಿದವನ ಹಾಗೆ ನಡೆದುಕೊಳ್ಳಬಹುದು, ಆದರೆ ಹೆದರಿಕೆ ಯಾವುದಕ್ಕೂ ಸಾಕ್ಷಿಯಲ್ಲ ಎಂದೆ. ಪ್ರೊಫೆಸರು ತಲೆದೂಗಿದರು. ಅದೇ ಸಂಜೆ ಬಸ್ಸು ಒಂದು ಗುಡಿಯ ಮುಂದೆ ಹಾದಾಗ ನನ್ನ ಬೆರಳು ತಾನಾಗಿ ಹಣೆಗೆ ಹೋಯಿತು. ಈಗ ಮೆಟ್ರೋದಲ್ಲಿ ಕೂತಾಗಲೂ ಹೋಗುತ್ತದೆ. ಯಾವುದಕ್ಕೂ ಇರಲಿ ಎಂದು.

ಆದರೆ ಹೇಳಹೊರಟದ್ದು ಸಿದ್ದಪ್ಪನ ವಿಷಯ. ಹುಮನಾಬಾದ್ ಕಡೆಯವನು, ನಮ್ಮ ಓಣಿಯಲ್ಲೇ ಮನೆ, ಅಪ್ಪನ ಕಾರ್ಖಾನೆಯಲ್ಲೇ ಕೆಲಸ. ಒಂದು ದಿನ ಅವನು ಹಂಡೆ ತೊಳೆದು ಹೊರಗೆ ಬಂದು ನಿಂತಿದ್ದಾಗ ಪಕ್ಕದ ಪೈಪಿನ ಕೀಲು ಬಿಟ್ಟು ಬಲಗೈ ಮೇಲೆ ಆಸಿಡ್ ಹಾರಿತು. ಎರಡು ಪೈಪು ಕೂಡುವಲ್ಲಿ ಸೋರದಂತೆ ಇಡುವ ಬಿಲ್ಲೆ, ಗ್ಯಾಸ್ಕೆಟ್, ಹರಿದಿತ್ತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿ ದಿನಾ ಬರಲು ಹೇಳಿದರು. ಆದರೆ ಆಸಿಡ್ ಹಾರಿದ ದಿನ ಬೆಳಿಗ್ಗೆ ನಮ್ಮ ಓಣಿಗೆ ನೀರು ಬಂದಿರಲಿಲ್ಲ, ಸಿದ್ದಪ್ಪ ಸ್ನಾನ ಮಾಡದೆ ಕೆಲಸಕ್ಕೆ ಹೋಗಿದ್ದ. ಜೊತೆಯವರು ಅಮ್ಮ ಮುನಿದಿದ್ದಾಳೆ ಎಂದರು. ಅವನೂ ಅದನ್ನೇ ಹಿಡಿದ. ಆಕೆ ಶಾಂತಳಾಗುವ ತನಕ ಡಾಕ್ಟರು ಮುಟ್ಟಬಾರದೆಂದು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟು, ಅರಿಸಿನ ಬೇವು ಅರೆದು ಹಚ್ಚಿಕೊಂಡು ಉಪವಾಸ ಕುಳಿತ. ಕೈ ಬಾತು ಕಪ್ಪಗಾಗತೊಡಗಿದಾಗ ಅವನ ಹೆಂಡತಿ ಬಂದು ಅವ್ವನ ಮುಂದೆ ಅತ್ತಳು. ಹೀಗೇ ಬಿಟ್ಟರೆ ಕೈ ಕಡಿಯಬೇಕಾದೀತು ಎಂದು, ಅವಳೊಬ್ಬಳೇ ಹೋಗಿ ಕೇಳಿದಾಗ ಆಸ್ಪತ್ರೆಯಲ್ಲಿ ಹೇಳಿದ್ದರಂತೆ.

ಅಪ್ಪ, ಅವ್ವ, ಹಿಂದೆ ನಾನು, ಅವರ ಮನೆಗೆ ಹೋದೆವು. ಸಿದ್ದಪ್ಪ ಗೋಡೆಗೆ ಒರಗಿದ್ದ. ಜ್ವರದಿಂದ ಕಣ್ಣು ಕೆಂಪಗಿದ್ದವು.

"ಗ್ಯಾಸ್ಕೆಟ್ ಹೋಗಿತ್ತು ಸಿದ್ದಪ್ಪ. ಅಷ್ಟೇ ಆಗಿದ್ದು," ಅಂದರು ಅಪ್ಪ.

"ಹೋಗೋದು ಹೋತ್ರಿ ಸಾಹೇಬ್ರ. ನಾ ಜಳಕ ಮಾಡದ ಬಂದ ದಿನಾನೇ ಯಾಕ ಹೋತು?"

"ಆ ಫೋಟೋ ಹಾಕಿದಾವ ನಾನು. ನಿಮ್ಮನ್ನ ಹೆದರಸಾಕ ಹಾಕಿದ್ದು."

ಸಿದ್ದಪ್ಪ ನಕ್ಕ. "ಹಾಕಿದವರು ನೀವು. ಬಂದು ಕುಂತಾಕಿ ಆಕಿ."

ಆಗ ಅವ್ವ ಕೇಳಿದಳು: "ಸಿದ್ದಣ್ಣ, ನಿನ್ನ ಮಗಳು ಜಳಕ ಮಾಡದ ಬಂದು ತೊಡಿ ಮ್ಯಾಲೆ ಕುಂತ್ರ ಕೈ ಸುಡ್ತೀಯೇನು?"

"ಇಲ್ರಿ ಅಕ್ಕೋರ."

"ಮತ್ತ ಆಕಿನ್ನ ಅಮ್ಮ ಅಂತ ಯಾಕ ಕರೀತಿ? ಆಕಿ ಮನಸು ನಿನ್ನ ಮನಸಿಗಿಂತ ಸಣ್ಣದೈತಿ ಅಂತ ತಿಳಕೊಂಡಿಯೇನು?"

ಸಿದ್ದಪ್ಪ ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದ. ಕೈ ಉಳಿಯಿತು, ಬೆರಳುಗಳು ಮಾತ್ರ ಪೂರ್ತಿ ಮಡಚಲು ಬರಲಿಲ್ಲ.

ಮನೆಯಲ್ಲಿ ಅವ್ವ ಫೋಟೋ ತೆಗೆದುಬಿಡಲು ಹೇಳಿದಳು. ತೆಗೆದರೆ ಯಾವನಾದರೂ ಕಾಯದೆ ಇಳಿದು ಸಾಯುತ್ತಾನೆ, ಆಗೇನು ಮಾಡಲಿ ಎಂದರು ಅಪ್ಪ. ಈಗ ಅವ್ವ ಇಲ್ಲ, ಆ ಪ್ರಶ್ನೆಗೆ ಉತ್ತರ ನನಗಿನ್ನೂ ಸಿಕ್ಕಿಲ್ಲ. ಅನಾಹುತ ಆಗುವ ಮುಂಚೆ ನಮ್ಮನ್ನು ಕಾಯುವ ಹೆದರಿಕೆಯೇ ಆದ ಮೇಲೆ ತಪ್ಪು ನಿನ್ನದೇ ಎನ್ನುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಹೇಗೆ? ದೇವಿಯನ್ನು ನಿಜವಾಗಿ ನಂಬಿದ್ದವಳು ಅವ್ವ ಒಬ್ಬಳೇ, ಅವಳೊಬ್ಬಳೇ ಹೆದರಿರಲಿಲ್ಲ ಎಂದು ಬರೆದು ಈ ಪ್ರಬಂಧ ಮುಗಿಸುವವಳಿದ್ದೆ.

ಮುಗಿಸುವ ಮುಂಚೆ, ನೆನಪಿನ ಮೇಲಿನ ಅನುಮಾನದಿಂದ, ಇಲ್ಲಿಯವರೆಗಿನದನ್ನು ನಿನ್ನೆ ಅಪ್ಪನಿಗೆ ಓದಿ ಹೇಳಿದೆ.

"ನಿಮ್ಮವ್ವ ತೊಡಿ ಮಾತು ಅಂದಿದ್ದು ಖರೆ," ಅಂದರು. "ಸಣ್ಣ ಮನಸು, ದೊಡ್ಡ ಮನಸು ನೀ ಕೂಡಿಸೀದಿ." ಆಮೇಲೆ, "ಗ್ಯಾಸ್ಕೆಟ್ ಹೋಗಿತ್ತು ಅಂತ ಬರದೀದಿ," ಅಂದರು.

"ನೀನೇ ಅಂದಿದ್ದಲ್ಲಪ್ಪ."

"ಅಂದಿದ್ದೆ. ಅದನ್ನ ಬದಲಿಸೋದು ನನ್ನ ಕೆಲಸ ಇತ್ತು. ಮುಂದಿನ ಸಲ ಪ್ಲಾಂಟ್ ನಿಂತಾಗ ಮಾಡಿದ್ರಾತು ಅಂತ ಬಿಟ್ಟಿದ್ದೆ."

ಮಳೆ ಬಂತು ಅನ್ನುವ ಹಾಗೆ ಗ್ಯಾಸ್ಕೆಟ್ ಹೋಯಿತು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಯಾರ ಕೆಲಸ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ಹೇಳಿದರು: ಅವ್ವನೊಡನೆ ವಾದ ಮಾಡಿದ ಮರುದಿನ ಫೋಟೋ ತೆಗೆಯಲು ಹೋಗಿದ್ದರಂತೆ. ಕೈ ಮೇಲೇಳಲಿಲ್ಲವಂತೆ. ಫೋಟೋ ಇಲ್ಲದಿದ್ದರೆ ಕೆಲಸಗಾರರು ಕಾಯುವುದಿಲ್ಲ ಎಂಬ ಕಾರಣಕ್ಕಲ್ಲ. "ಆಕಿ ನನ್ನ ನೋಡಾಕತ್ತಿದ್ಲು," ಅಂದರು. ಅಂದಿನಿಂದ ರಿಟೈರ್ ಆಗುವವರೆಗೆ ಆ ಪ್ಲಾಂಟಿನ ಒಂದು ಗ್ಯಾಸ್ಕೆಟ್ಟನ್ನೂ ಅವಧಿ ಮೀರಲು ಬಿಡಲಿಲ್ಲವಂತೆ.

ಹಾಗಾದರೆ ಹೆದರಿಕೆ ಒಳ್ಳೆಯದನ್ನೇ ಮಾಡಿತಲ್ಲ ಎನ್ನಬಹುದು. ನನಗೂ ಒಂದು ಗಳಿಗೆ ಹಾಗೆನ್ನಿಸಿತು. ಆದರೆ ಅದು ಅಪ್ಪನಿಂದ ಪ್ಲಾಂಟಿನ ಗ್ಯಾಸ್ಕೆಟ್ಟುಗಳನ್ನೆಲ್ಲ ಬದಲಿ ಮಾಡಿಸಿತೇ ಹೊರತು, ಸಿದ್ದಪ್ಪನ ಎದುರು ಒಂದು ಮಾತು ಆಡಿಸಲಿಲ್ಲ. ಅವನು ಇಂದಿಗೂ ಮಡಚಲಾಗದ ಬೆರಳು ನೋಡಿಕೊಂಡು, ಅಂದು ಸ್ನಾನ ಮಾಡಿ ಹೋಗಿದ್ದರೆ ಎಂದುಕೊಳ್ಳುತ್ತಿರಬಹುದು.

"ಸಿದ್ದಪ್ಪ ಸೂರಾರಂದಾಗ ಮಗಳ ಮನ್ಯಾಗ ಅದಾನ," ಅಂದರು ಅಪ್ಪ. "ಭಾನುವಾರ ಕರಕೊಂಡು ಹೋಗ್ತೀಯೇನು?"

"ಯಾಕಪ್ಪ, ಈ ವಯಸ್ಸಿನಾಗ ಮತ್ತ ಹೆದರಿಕಿ ಬಂತೇನು?"

"ಹೆದರಿಕಿ ಇದ್ದಾಗ ಬಾಯಿ ಬಿಡಲಿಲ್ಲವ್ವ. ಈಗ ಅದೇನೂ ಇಲ್ಲ. ಅವನ ಮಾರಿ ಕಣ್ಣ ಮುಂದ ಬರತೈತಿ."

ನಾನು ಸಿದ್ದಪ್ಪನ ಮಗಳ ನಂಬರು ಹುಡುಕಿ ಫೋನು ಹಚ್ಚಿದೆ. ಸಿದ್ದಪ್ಪನೇ ಎತ್ತಿದ, ಸಾಹೇಬರು ಆರಾಮಿದ್ದಾರೆಯೇ, ಕಣ್ಣು ಹೇಗಿದೆ ಎಂದೆಲ್ಲ ವಿಚಾರಿಸಿದ. ಫೋನನ್ನು ಅಪ್ಪನ ಕಡೆ ಚಾಚಿದೆ. ಅವರು ಬೇಡವೆಂದು ತಲೆಯಾಡಿಸಿದರು.

"ಇದು ಫೋನಿನಾಗ ಹೇಳೋದಲ್ಲ. ಬರ್ತೀವಿ ಅಂತ ಹೇಳು."