ಹದಿಮೂರನೆಯ ಬಳೆ

ಶಿವಗಂಗವ್ವನ ಗಂಡ ಮುರುಗೆಪ್ಪ ದಿನವೂ ಕಚೇರಿಗೆ ಹೊರಡುವ ಮುಂಚೆ ಹೆಂಡತಿಯ ಬಳೆ ಎಣಿಸುತ್ತಿದ್ದ. ಸಂಜೆ ಬಂದು ಮತ್ತೆ ಎಣಿಸುತ್ತಿದ್ದ. ಒಂದು ಒಡೆದಿತ್ತೋ, ಯಾವನೋ ಕೈ ಹಿಡಿದು ಎಳೆದಿದ್ದಾನೆ ಎಂದೇ ಅರ್ಥ! ರೈಲ್ವೆ ಗೂಡ್ಸ್ ಕಚೇರಿಯ ಈ ಗುಮಾಸ್ತನ ತಲೆಯಲ್ಲಿ ಇದಕ್ಕಿಂತ ದೊಡ್ಡ ವಿಚಾರ ಹುಟ್ಟಿದ್ದನ್ನು ಪುಣೆಯ ರವಿವಾರ ಪೇಠೆಯಲ್ಲಿ ಯಾರೂ ಕಂಡಿರಲಿಲ್ಲ.

ಗೋಕಾಕದಿಂದ ಹದಿನಾಲ್ಕರ ಹುಡುಗಿಯಾಗಿ ಬಂದವಳು ಅವಳು. ಹನ್ನೊಂದು ವರ್ಷ ತಾವಿದ್ದ ವಾಡೆಯ, ಅಂದರೆ ವಠಾರದ, ಹೆಂಗಸರ ಹೆರಿಗೆಗೆಲ್ಲ ಓಡಿ ಓಡಿ ಕೈ ಪಳಗಿತ್ತು. ಈಗ, ೧೯೩೮ರಲ್ಲಿ, ಹೆರಿಗೆ ಆಸ್ಪತ್ರೆಯೊಂದರವರು ನರ್ಸ್ ತರಬೇತಿಗೆ ಕರೆದಿದ್ದರು. ಸೋಮವಾರದೊಳಗೆ ಅರ್ಜಿಯ ಮೇಲೆ ಗಂಡನ ಸಹಿ ಬೇಕು. ಈ ಮಹಾಪುರುಷ ಪೆನ್ನು ಮುಟ್ಟಲೊಲ್ಲ.

ಶುಕ್ರವಾರ ಹನ್ನೆರಡು ಇದ್ದ ಬಳೆ ಹದಿಮೂರಾದವು. ಮುತ್ತೈದೆಗೆ ಒಂದು ಬಳೆಯನ್ನು ಕೊಸರಾಗಿ ತೊಡಿಸುವುದು ಬಳೆಗಾರರ ಪದ್ಧತಿ, ಕೂಸಿಗೂ ಗೊತ್ತು. ತೊಡಿಸಿದ ಬಳೆಗಾರ ಸುಬ್ಬಯ್ಯನಿಗೋ ಎಪ್ಪತ್ತು ದಾಟಿ ಕಣ್ಣಿಗೆ ಪೊರೆ ಬಂದಿತ್ತು.

"ಪುಕ್ಕಟೆ ಯಾಕ ಕೊಟ್ಟ? ಹೇಳ!" ಎಂದು ಕುಣಿದಾಡಿದ ಮುರುಗೆಪ್ಪ ಮರುದಿನ ಅವಳನ್ನು ಡಾಕ್ಟರ್ ಮಾರ್ತಾಂಡರ ಮುಂದೆ ತಂದು ಕೂರಿಸಿದ. ಧಾರವಾಡದ ಕಡೆಯ ಅವರು ಮನಸ್ಸಿನ ರೋಗದ ಹೊಸ ಶಾಸ್ತ್ರ ಓದಿಕೊಂಡವರು.

"ಇಕಿ ತಲಿ ಪರೀಕ್ಷಾ ಮಾಡ್ರಿ," ಎಂದ.

ಡಾಕ್ಟರು ಅವನನ್ನೇ ಕೇಳಿದರು. "ದಿನಾ ಚಹಾ ಎಲ್ಲಿ ಕುಡಿತೀರಿ, ಮುರುಗೆಪ್ಪನವರ?"

"ಭುಜಂಗನ ಹೋಟೆಲಿನ್ಯಾಗ್ರಿ."

"ಅಲ್ಲೇ ಯಾಕ?"

ಆಸಾಮಿ ಬೆವೆತ. ಕೆದಕಿದಷ್ಟೂ ಒಂದೊಂದೇ ಹೊರಬಿತ್ತು. ಹೋಟೆಲಿನ ಮಾಳಿಗೆಯ ಕಿಟಕಿ, ಅಲ್ಲಿ ಕೂದಲು ಒಣಗಿಸುವ ಭುಜಂಗನ ತಂಗಿ ಸ್ವರ್ಣಲತಾ, ಆಮೇಲೆ ಕನಸುಗಳು. ಥೂ!

"ಹೊಟ್ಟಿಕಿಚ್ಚು ಮೂರು ಥರದ್ದು. ಪ್ರೀತಿ ಮಾಡಿದವರು ಕೈತಪ್ಪಿ ಹೋದಾರು ಅಂತ ಸಂಕಟಪಡೋದು ಎಲ್ಲಾರಿಗೂ ಇರ್ತದ. ಅದು ರೋಗ ಅಲ್ಲ," ಎಂದರು ಡಾಕ್ಟರು. "ತನ್ನ ಆಸೆ ತಾನು ಒಪ್ಪಿಕೊಳ್ಳಲಾರದ, ಅದನ್ನ ಹೆಂಡತಿ ಮ್ಯಾಲ ಹೊರಸೋದು ಎರಡನೇದು. ಅದು ನಿಮಗದ. ಹಿಂಗ ಬೆಳಸಿದ್ರ ಮುಂದಿಂದು ಹುಚ್ಚು. ಮುದುಕ ಕೊಟ್ಟ ಬಳಿನೂ ಸಾಕ್ಷಿ ಅನಸಾಕ ಹತ್ತೇದಲ್ಲ, ಅದರ ಹೊಸ್ತಿಲಕ್ಕ ಬಂದು ನಿಂತೀರಿ."

ಮುರುಗೆಪ್ಪನ ಮುಖ ಇಳಿದುಹೋಯಿತು. "ತಪ್ಪಾತು," ಎಂದು ಹೆಂಡತಿಯತ್ತ ತಿರುಗಿದ. "ಆ ಹುಡುಗಿ ಸುದ್ದಿ ಕೇಳಿ ನಿನಗೂ ಹೊಟ್ಟಿ ಉರದಿರಬೇಕಲ್ಲ?" ದನಿಯಲ್ಲಿ ಆಸೆ ಬೇರೆ, ನಾಚಿಕೆಗೆಟ್ಟವನಿಗೆ!

ಶಿವಗಂಗವ್ವ ಎದೆಯಲ್ಲಿ ಎಲ್ಲಾದರೂ ಚುರುಕ್ ಎನ್ನುತ್ತದೆಯೇ ಎಂದು ಹುಡುಕಿದಳು. ಏನೂ ಇಲ್ಲ. ಹನ್ನೊಂದು ವರ್ಷ ಬೇಯಿಸಿ ಹಾಕಿದ ಗಂಡ! ಅಯ್ಯೋ ಶಿವನೇ, ಎಲ್ಲರಿಗೂ ಇರುವಷ್ಟು ಸಂಕಟವನ್ನೂ ಇವನು ನನ್ನಲ್ಲಿ ಉಳಿಸಿಲ್ಲವಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು. ಅದನ್ನು ಇವನೆದುರು ಅಳುವುದು ಬೇಡವೆಂದು ನುಂಗಿದಳು.

"ನನಗೇನೂ ಆಗಿಲ್ರಿ," ಎಂದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಅರ್ಜಿಯನ್ನು ತೆಗೆದು ಅವನ ಮುಂದಿಟ್ಟಳು. "ನೀವು ಎಲ್ಲಿ ಹೋಗ್ರಿ, ಯಾರನ್ನ ನೋಡ್ರಿ, ನನಗ ಏನೂ ಆಗಂಗಿಲ್ಲ. ಸಹಿ ಮಾಡ್ರಿ."

ಮುರುಗೆಪ್ಪ ಅಂದು ಮೊದಲ ಸಲ ನಿಜವಾಗಿ ಹೆದರಿದ. ಡಾಕ್ಟರರ ಪೆನ್ನು ಇಸಿದುಕೊಂಡು ಸಹಿ ಮಾಡಿದ.