ಹಿಂದುಮುಂದಾದ ಹೆಸರು

೧೯೯೫ರ ಅಕ್ಟೋಬರ್ ೧೭ರಂದು ಶಾರ್ಕೆಸಿ ಗ್ರಾಮ ಕಚೇರಿಯವರು ನಮ್ಮ ಸ್ಮಶಾನದ ಓಕ್ ಮರದ ಸಮಾಧಿಕಂಬವೊಂದನ್ನು ಕಿತ್ತು ಸೌದೆಯ ಕೊಟ್ಟಿಗೆಗೆ ಹಾಕಿಸಿದರು. ಅಲ್ಲಿ ಯಾರನ್ನೂ ಹೂಳಿಲ್ಲವೆಂಬುದು ಅವರು ಕೊಟ್ಟ ಕಾರಣ. ಕಂಬವನ್ನು ಕೆತ್ತಿದವರು ನನ್ನ ನೆರೆಯವರಾದ ಚೋರ್ಬಾ ಲಿದಿಯಾ.

ಲಿದಿಯಾ ಕಂಬ ಕೆತ್ತುವವರ ಮಗಳು. ಅಪ್ಪ ಮರವನ್ನು ಹದಮಾಡಿದರೆ ಮಗಳು ಅಕ್ಷರ ಕೊರೆಯುತ್ತಿದ್ದರು. ೧೯೪೪ರ ಜುಲೈಯಲ್ಲಿ ಅಮೆರಿಕದ ಬಾಂಬರ್ ವಿಮಾನವೊಂದು ಉರಿಯುತ್ತ ಹೊಲಗಳಾಚೆ ಬಿದ್ದಿತು. ಪ್ಯಾರಾಶೂಟ್ ಬಿಚ್ಚಿಕೊಳ್ಳದೆ ಸತ್ತ ಯುವಕನೊಬ್ಬ ಮುಸುಕಿನ ಜೋಳದ ನಡುವೆ ಸಿಕ್ಕಿದ. ಹತ್ತೊಂಬತ್ತರ ಲಿದಿಯಾ ಶವವನ್ನು ತೊಳೆದರು, ಅಪ್ಪ ಹೂಳಿದರು. ಕೊರಳಿನ ಬಿಲ್ಲೆಯನ್ನು ಕೊರಳಲ್ಲೇ ಬಿಟ್ಟು, ಅದರಲ್ಲಿದ್ದ ಹೆಸರನ್ನಷ್ಟೇ ಕಂಬಕ್ಕೆ ಇಳಿಸಿದರು: ಲೆಸ್ಲಿ ಗೋರ್ಡನ್. ಆಮೇಲೆ ಲಿದಿಯಾ ಮದುವೆಯಾದರು, ವಿಧವೆಯಾದರು, ಊರಿನ ಅರ್ಧ ಸ್ಮಶಾನಕ್ಕೆ ಹೆಸರು ಕೆತ್ತಿದರು. ಆ ಕಂಬಕ್ಕೆ ವರ್ಷವರ್ಷವೂ ಎಣ್ಣೆ ಸವರುವುದನ್ನು ಮಾತ್ರ ತಪ್ಪಿಸಲಿಲ್ಲ.

ಕಾಣೆಯಾದ ವಿಮಾನ ಯೋಧರನ್ನು ಹುಡುಕುವ ಅಮೆರಿಕದವರು ಕಳೆದ ವರ್ಷ ಬಂದು ಕಂಬವನ್ನು ನೋಡಿ ಹೋದರು. ಅವರ ಉತ್ತರವನ್ನು ಕಚೇರಿಯ ಕಾರ್ಯದರ್ಶಿ ಕೆಲೆಚೇನಿ ತಂದರು.

"ಅಜ್ಜಿ, ಲೆಸ್ಲಿ ಗೋರ್ಡನ್ ಸತ್ತೇ ಇಲ್ವಂತೆ. ಅವನ ಊರಲ್ಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡು ಆರಾಮಾಗಿದಾನೆ."

"ಹಂಗಾದ್ರೆ ನಾನು ಮೈ ತೊಳ್ದು ಮಲಗಿಸಿದ್ದು ಯಾರ್ನಪ್ಪಾ, ನಿಮ್ಮ ತಾತನ್ನಾ?"

ಕೆಲೆಚೇನಿ ನಕ್ಕರು. ಮರುವಾರವೇ ಕಂಬವನ್ನು ಕೀಳಿಸಿದರು.

ಅಂದಿನಿಂದ ಲಿದಿಯಾ ಸರಿಯಾಗಿ ಉಂಡಿಲ್ಲ. ಒಂದು ದಿನ ನಾನು ಕೇಳಿದೆ:

"ಲಿದಿಯಕ್ಕ, ನಿಮ್ಮ ಯಜಮಾನರ ಹೆಸರು ಹೇಗೆ ಕೆತ್ತಿದ್ರಿ?"

"ಚೋರ್ಬಾ ದಾನಿಯೆಲ್. ಮನೆತನ ಮುಂದೆ, ಹೆಸರು ಹಿಂದೆ. ಇನ್ಹೆಂಗೆ ಕೆತ್ತೋದು, ಮಾಸ್ತರೇ?"

"ಆ ಹುಡುಗನದ್ದು?"

"ಪಾಪ, ಅವನ ಬಿಲ್ಲೇಲಿ ಉಲ್ಟಾ ಇತ್ತು. ನಾನೇ ಸರಿ ಮಾಡ್ದೆ. ಅಲ್ಲ, ನಾನು ಕೆತ್ತಿದ್ದು ಅಪ್ಪ ಬರ್ಕೊಟ್ಟ ಚೀಟಿ ನೋಡಿ. ಬರ್ಯೋವಾಗ್ಲೇ ಅವ್ನು ಸರಿ ಮಾಡಿದ್ನೋ ಏನೋ! ಆಮೇಲೆ ನಾನೂ ಮಾಡಿದ್ರೆ?"

ನಮ್ಮಲ್ಲಿ ಮನೆತನ ಮುಂದೆ, ಅಮೆರಿಕದಲ್ಲಿ ಹೆಸರು ಮುಂದೆ. ಒಬ್ಬರೇ ತಿರುಗಿಸಿದ್ದರೆ ಸತ್ತವನು ಗೋರ್ಡನ್ ಲೆಸ್ಲಿ. ಇಬ್ಬರೂ ತಿರುಗಿಸಿದ್ದರೆ ಮತ್ತೆ ಲೆಸ್ಲಿ ಗೋರ್ಡನ್. ಅವನೋ ಬದುಕಿದ್ದಾನೆ, ಹಾಗಾದರೆ ಅದೇ ಹೆಸರಿನ ಮತ್ತೊಬ್ಬನಿರಬೇಕು. ಸ್ಟೇಷನ್ ಮಾಸ್ತರನಾಗಿ ನಲವತ್ತು ವರ್ಷ ರೈಲುಗಳನ್ನು ಹಳಿ ತಪ್ಪದೆ ನಡೆಸಿದ ನನ್ನ ತಲೆಯೂ ಇಲ್ಲಿ ಹಳಿ ತಪ್ಪಿತು. ಅಮೆರಿಕದವರಿಗೆ ಬರೆದು ಕೇಳಿದೆ. ಗೋರ್ಡನ್ ಲೆಸ್ಲಿ ಎಂಬವನು ಕಾಣೆಯಾಗಿರುವುದು ನಿಜ, ಆದರೆ ಅವನ ವಿಮಾನ ಸಮುದ್ರದಲ್ಲಿ ಮುಳುಗಿತೆಂದು ದಾಖಲಾಗಿದೆ ಎಂದರು. ಮುಳುಗಿದ್ದನ್ನು ಕಂಡವರಾರೆಂದು ಮತ್ತೆ ಕೇಳಿದ್ದಕ್ಕೆ ಇಂದಿಗೂ ಉತ್ತರವಿಲ್ಲ.

"ಯಾರೋ ತಾಯಿ ಹೆತ್ತೋನು ಅಲ್ಲಿದಾನೆ, ಮಾಸ್ತರೇ. ಯಾರು ಅಂತ ತಿಳ್ಕೊಂಡು ಸಾಯ್ಬೇಕು," ಎನ್ನುತ್ತಾರೆ ಲಿದಿಯಾ.

ಆದ್ದರಿಂದ ಗ್ರಾಮ ಕಚೇರಿಯವರೇ, ಹುಡುಕಲು ಬಂದ ಮಹನೀಯರೇ, ಬಿಲ್ಲೆ ಇನ್ನೂ ಆ ಕೊರಳಲ್ಲಿದೆ. ಲಿದಿಯಾ ಬದುಕಿರುವಾಗಲೇ ಸಮಾಧಿಯನ್ನು ಅಗೆಯಿರಿ. ಅದರಲ್ಲಿರುವ ಹೆಸರನ್ನು ಅವರಿಗೆ ಕೇಳುವಂತೆ ಓದಿ, ಇದ್ದಂತೆಯೇ ಓದಿ. ದಯವಿಟ್ಟು ಯಾರೂ ಅದನ್ನು ಸರಿಪಡಿಸಬೇಡಿ.