ತನ್ನದನ್ನೇ ಒಲ್ಲದ ಸೇಬಿನ ಮರ

ಆ ಕ್ಷೌರಿಕನಿಗೆ ಬೇರೆಯವರ ಕತ್ತರಿಯ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ತನ್ನ ಕೂದಲನ್ನೂ ಎರಡು ಕನ್ನಡಿಗಳ ನಡುವೆ ನಿಂತು ತಾನೇ ಕತ್ತರಿಸಿಕೊಳ್ಳುತ್ತಿದ್ದ. ಹಿತ್ತಲಿನ ಸೇಬಿನ ಮರ ಮೈತುಂಬ ಹೂ ಬಿಟ್ಟರೂ ಒಂದು ಕಾಯಿಯೂ ಕಚ್ಚುತ್ತಿರಲಿಲ್ಲ. ಅದಕ್ಕೊಂದು ಜೋಡಿ ಬೇಕೆಂದು ಯಾರೋ ಹೇಳಿದರು. ಕಂಡವರ ಗಿಡ ಯಾಕೆಂದು ಅದೇ ಮರದ ಕಡ್ಡಿಯನ್ನು ಕಸಿ ಕಟ್ಟಿ ಇನ್ನೊಂದನ್ನು ಬೆಳೆಸಿದ. ಈಗ ಎರಡು ಮರಗಳ ತುಂಬ ಹೂವು, ಕಾಯಿ ಮಾತ್ರ ಸೊನ್ನೆ.

"ಅದೂ ಇದೇ ಮರಾನೇ ಭಾವ," ಎಂದು ಸಸಿ ಮಾರುವ ನಾದಿನಿ ನಕ್ಕಳು. "ಹೂವಿಗೆ ತನ್ನ ಪರಾಗದ ಗುರುತು ಸಿಗುತ್ತೆ. ಒಳಗಿಳಿಯೋಕೆ ಹೊರಟ್ರೆ ಅರ್ಧ ದಾರೀಲೇ ತಡೆದುಬಿಡುತ್ತೆ. ಬೇರೆ ತಳಿಯ ಹೂಕೊಂಬೆ ತಂದು ಬಕೆಟ್ ನೀರಲ್ಲಿ ನಿಲ್ಲಿಸಿ, ಮಿಕ್ಕಿದ್ದು ಜೇನುನೊಣ ನೋಡ್ಕೊಳ್ತವೆ."

"ನನ್ನ ಮರಕ್ಕೆ ನಂದೇ ಆಗಲ್ವಂತಾ? ಎಷ್ಟು ಕೊಬ್ಬು!"

ಬೇರೆ ತಳಿ ಇದ್ದದ್ದು ಎದುರುಸಾಲಿನ ಕ್ಷೌರಿಕನ ಹಿತ್ತಲಲ್ಲಿ. ಇಬ್ಬರಿಗೂ ಮಾತುಕತೆಯಿರಲಿಲ್ಲ. ಇವನು ಮುಖ ಗಂಟಿಕ್ಕಿಕೊಂಡೇ ಹೋಗಿ ಒಂದು ಕೊಂಬೆ ಕೇಳಿದ.

ಅವನು ಇವನ ಸುತ್ತ ಒಂದು ಸುತ್ತು ಬಂದು, ಹಿಂದೆ ನಿಂತು, ಕುರ್ಚಿಯ ಕೂದಲು ಕೊಡವಿದ.

"ಕೊಂಬೆ ಕೊಡ್ತೀನಿ. ಮೊದಲು ಇಲ್ಲಿ ಕೂತ್ಕೊ. ಹಿಂದುಗಡೆ ಹಿಂಗೆ ಹಾಳು ಮಾಡಿದೋನು ಯಾವನಯ್ಯಾ?"

ಇವನು ಕುಳಿತು ತಲೆ ಬಗ್ಗಿಸಿದ.